ಮೂರನೆಯ ಸಾಲು

"ತಡೀರಿ, ಹಂಗ ದೂಡಬ್ಯಾಡ್ರಿ. ಗಾಡಿ ಗೇರಿನ್ಯಾಗೈತಿ," ಎಂದು ಶರಣಪ್ಪ ಬಗ್ಗಿ, ಬೈಕಿನ ಎಡಬದಿಯ ಲಿವರನ್ನು ಅಂಗೈಯಿಂದ ಮೆಲ್ಲಗೆ ಒತ್ತಿದ.

ಹಿಂದೆ ಸೀಟು ಹಿಡಿದು ನಿಂತಿದ್ದ ಜಗನ್ನಾಥ ಕೈಬಿಟ್ಟ. ಡೆಟ್ರಾಯಿಟ್ ಬಳಿಯ ಕ್ಯಾಂಟನ್ನಿನಲ್ಲಿ ಮೆಹಬೂಬನ ಮನೆಯ ಗ್ಯಾರೇಜು ಹತ್ತು ಗಂಟೆಯೊಳಗೆ ಖಾಲಿಯಾಗಬೇಕಿತ್ತು. ಹೆಂಗಸರು ಒಳಗೆ ಹಾಲಿನಲ್ಲಿ ಮೆಹಬೂಬನ ಹೆಂಡತಿ ಗುಲ್‌ಶನ್ ಜೊತೆ, ಗಂಡಸರು ಗ್ಯಾರೇಜಿನಲ್ಲಿ ಕೂರುವುದೆಂದು ತೀರ್ಮಾನವಾಗಿ ಮಸೀದಿಯಿಂದ ನಲವತ್ತು ಮಡಿಸುವ ಕುರ್ಚಿಗಳು ಬಂದಿದ್ದವು. ಅಡ್ಡವಾಗಿ ಉಳಿದದ್ದು ಮೆಹಬೂಬನ 1968ರ ಜಾವಾ ಒಂದೇ. ಮೆಹಬೂಬ ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಟು, ಬೂಟಿನ ಲೇಸು ಕಟ್ಟುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿ ಸತ್ತಿದ್ದ. ಅರವತ್ತೊಂದು ವರ್ಷ. ಇವತ್ತು ಶುಕ್ರವಾರ, 2007ರ ಮೇ ತಿಂಗಳು. ಜುಮಾ ನಮಾಜು ಮುಗಿದ ಮೇಲೆ ಜನಾಜಾ, ಅಂತಿಮ ಪ್ರಾರ್ಥನೆ.

"ಇದರಲ್ಲಿ ಕಿಕ್ಕರ್ ಎಲ್ರೀ? ಇರೋದು ಒಂದೇ ಲಿವರ್," ಎಂದ ಜಗನ್ನಾಥ. ಅವನು ಪಕ್ಕದ ಊರು ನೋವೈಯಲ್ಲಿದ್ದವನು, ಮೆಹಬೂಬನಂತೆಯೇ ಮೈಸೂರಿನವನು. ಬೈಕು ಬಂದೂಕುಗಳ ಗೊಡವೆ ಇಲ್ಲದವನು.

"ಎರಡೂ ಅದ. ಹಿಂದಕ್ಕ ತಿರುವಿದ್ರ ಕಿಕ್ಕರು, ಮುಂದಕ್ಕ ಬಂದ್ರ ಗೇರು."

"ಆ ಕೈ ಇಟ್ಕೊಂಡು ಕ್ಲಚ್ ಹೆಂಗೆ ಹಿಡೀತಿದ್ದ ಮಾರಾಯ?"

"ಹಿಡೀಬೇಕಂತಿಲ್ಲ. ಈ ಗಾಡಿಯೊಳಗ ಗೇರು ಒತ್ತಿದ್ರ ಕ್ಲಚ್ ತಾನ ಬಿಡ್ತೈತಿ."

ಮೆಹಬೂಬನ ಎಡಗೈಯಲ್ಲಿ ಹೆಬ್ಬೆರಳು ಇರಲಿಲ್ಲ, ತೋರುಬೆರಳು ಅರ್ಧ ಇತ್ತು. 1999ರ ಆಗಸ್ಟಿನಲ್ಲಿ ಗನ್ ಕ್ಲಬ್ಬಿನಲ್ಲಿ ಅವನ ರಿವಾಲ್ವರ್ ಸಿಡಿದಿತ್ತು. ಕಾಡತೂಸಿಗೆ ಒಂದರ ಜಾಗದಲ್ಲಿ ಎರಡು ಪಾಲು ಮದ್ದು ಬಿದ್ದಿದ್ದರಿಂದ ಹಾಗಾಯಿತು. ಆ ಕಾಡತೂಸುಗಳನ್ನು ಮೆಹಬೂಬ ತನ್ನ ನೆಲಮಾಳಿಗೆಯಲ್ಲಿ ತಾನೇ ತುಂಬಿದ್ದನೆಂದು ಡೆಟ್ರಾಯಿಟ್ ಸುತ್ತಲಿನ ಕನ್ನಡಿಗರಿಗೆಲ್ಲ ಗೊತ್ತಿತ್ತು.

"ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ," ಎಂದ ಜಗನ್ನಾಥ, ಬೈಕಿನ ಹಿಂದೆ ಹೆಜ್ಜೆ ಹಾಕುತ್ತಾ. "ಕೈ ಹೋಗಿದ್ದಕ್ಕೆ ತಾನೇ ಗುಲ್‌ಶನ್ ಅವರು ಆ ಮದ್ದಿನ ಮೆಷೀನೆಲ್ಲ ಎತ್ತಿ ಬಿಸಾಕಿದ್ದು? ಎರಡು ವರ್ಷ ಕಳೆದು ಬಂತಲ್ಲ ಆ ಸೆಪ್ಟೆಂಬರ್ ಹನ್ನೊಂದು. ಬೇಸ್‌ಮೆಂಟಲ್ಲಿ ಡಬ್ಬಿಗಟ್ಟಲೆ ಮದ್ದು ಇಟ್ಕೊಂಡಿದಾನೆ ಮೆಹಬೂಬ್ ಅನ್ನೋನು ಅಂತ ಯಾರಾದ್ರೂ ಒಂದು ಫೋನ್ ಹಾಕಿದ್ದಿದ್ರೆ? ಏನಂತೀರಿ?"

ಶರಣಪ್ಪ ಹ್ಯಾಂಡಲನ್ನು ಹುಲ್ಲಿನ ಕಡೆಗೆ ತಿರುಗಿಸಿದ.

"ಆದ್ರೂ ಟೂಲ್‌ಮೇಕರ್ ಆಗಿದ್ದೋನು ಅಂಥ ಎಡವಟ್ಟು ಮಾಡ್ಕೊಳ್ಳೋದು ಅಂದ್ರೆ!" ಎಂದ ಜಗನ್ನಾಥ.

ಬೈಕು ಹುಲ್ಲಿನ ಅಂಚಿಗೆ ಬಂದಿತು. ಸ್ಟ್ಯಾಂಡು ಹಾಕುವಾಗ ಶರಣಪ್ಪನ ಹಿಡಿತ ತಪ್ಪಿ ಹ್ಯಾಂಡಲು ಅವನ ಎದೆಗೆ ಬಡಿಯಿತು. ಜಗನ್ನಾಥ ಬಂದು ಹಿಡಿದುಕೊಂಡ.

ಜುನೈದನ ಕಾರು ಬಂದದ್ದು ಆಗ. ಮೆಹಬೂಬನ ಒಬ್ಬನೇ ಮಗ. ಮೂವತ್ತಮೂರು ವರ್ಷ, ಶಿಕಾಗೋ ಹತ್ತಿರ ಬೋಲಿಂಗ್‌ಬ್ರೂಕಿನಲ್ಲಿ ಒಂದು ಗೋದಾಮಿನ ಮ್ಯಾನೇಜರು. ಹಿಂದಿನ ದಿನ ಹೆಂಡತಿಯನ್ನೂ ಮೂರು ವರ್ಷದ ಮಗಳು ಆಯತ್‌ಳನ್ನೂ ಕರೆದುಕೊಂಡು ಇನ್ನೂರ ಎಪ್ಪತ್ತು ಮೈಲಿ ಡ್ರೈವ್ ಮಾಡಿ ಬಂದಿದ್ದ. ಈಗ ಮಸೀದಿಯಲ್ಲಿ ತಂದೆಯ ದೇಹಕ್ಕೆ ಸ್ನಾನ ಮಾಡಿಸಿ ಬರುತ್ತಿದ್ದ. ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು.

"ಅಂಕಲ್, ಒಂದು ಹೆಲ್ಪ್ ಬೇಕು," ಎಂದ. ಅವನ ಕನ್ನಡ ನಿಂತು ನಿಂತು ಬರುತ್ತಿತ್ತು. "ನಮಾಜ್‌ಗೆ ಮುಂಚೆ ನಾನು ಮಾತಾಡ್ಬೇಕು. ಅಬ್ಬಾ ಯಾರಿಗಾದ್ರೂ ಹರ್ಟ್ ಮಾಡಿದ್ರೆ ಮಾಫ್ ಮಾಡಿ ಅಂತ. ಮಗ ಕೇಳ್ಬೇಕು ಅಂತೆ. ಅಬ್ಬಾ ಫ್ರೆಂಡ್ಸೆಲ್ಲ ಕನ್ನಡದವರು. ಒಂದು ಸೆಂಟೆನ್ಸ್ ಕನ್ನಡದಲ್ಲಿ ಹೇಳೋಣ ಅಂತ."

"ಹೇಳಪ್ಪಾ. ಚಲೋನ ಆಗ್ತೈತಿ."

"ಅಬ್ಬಾ ಕೆಟ್ಟವರಲ್ಲ. ಯಾರಿಗೂ ಮೋಸ ಮಾಡಿಲ್ಲ. ಬಟ್ ಕೇರ್‌ಲೆಸ್." ಜುನೈದ್ ತನ್ನ ಕೈಗಳನ್ನು ನೋಡಿಕೊಂಡ. "ಇವತ್ತು ಆ ಕೈ ತೊಳೆದೆ ಅಂಕಲ್. ಎಂಟು ವರ್ಷದಲ್ಲಿ ಫಸ್ಟ್ ಟೈಮ್ ಮುಟ್ಟಿದ್ದು. ಹೀ ಡಿಡ್ ದಟ್ ಟು ಹಿಮ್‌ಸೆಲ್ಫ್ ಅಂತ ನಂಗೆ ಅಷ್ಟು ಕೋಪ ಇತ್ತು. ಕೇರ್‌ಲೆಸ್‌ಗೆ ಕನ್ನಡದಲ್ಲಿ ಏನು?"

ಜಗನ್ನಾಥ ಕುರ್ಚಿಗಳ ಕಡೆ ಹೋಗಿದ್ದ. ಡ್ರೈವ್‌ವೇಯಲ್ಲಿ ಅವರಿಬ್ಬರೇ ಇದ್ದರು. ನಿಮ್ಮಪ್ಪ ಅಂಥವನಲ್ಲ ಎಂದು ಹೇಳಲು ಅಷ್ಟು ಏಕಾಂತ ಸಾಕಿತ್ತು. ಶರಣಪ್ಪ ಯೋಚಿಸಿದ್ದು ಬೇರೆ: ಬೇಜವಾಬ್ದಾರಿ ಎಂದರೆ ಕಠಿಣವಾಯಿತು, ನಿರ್ಲಕ್ಷ್ಯ ಎಂದರೆ ಸರ್ಕಾರಿ ನೋಟೀಸಿನಂತಾಯಿತು.

"ಮೈಮರೆವು ಅನ್ನು," ಎಂದ.

"ಮೈ-ಮರೆವು," ಎಂದು ಜುನೈದ್ ಎರಡು ಸಲ ಹೇಳಿ ಕಲಿತುಕೊಂಡ. "ಥ್ಯಾಂಕ್ಸ್ ಅಂಕಲ್."

*

ಖಾಲಿ ಕಾಡತೂಸುಗಳನ್ನು ಮತ್ತೆ ತುಂಬುವ ಹವ್ಯಾಸ ಮೆಹಬೂಬನಿಗೆ ಹತ್ತಿದ್ದು 1992ರಲ್ಲಿ. ಹತ್ತಿರದ ಲಿವೋನಿಯಾದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಪಕ್ಕದ ಯಂತ್ರದಲ್ಲಿದ್ದ ವಾಲ್ಟ್ ಎಂಬ ಅಮೆರಿಕದವನು ಹೇಳಿಕೊಟ್ಟದ್ದು. ಹಿತ್ತಾಳೆಯ ಕೇಸನ್ನು ತಿಕ್ಕಿ ತೊಳೆದು, ಅದರ ತಳಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಅಳತೆಯ ಮದ್ದು ಹಾಕಿ, ಮೇಲೆ ಗುಂಡನ್ನು ಒತ್ತುವುದು. ಮೆಹಬೂಬನಿಗೆ ಹೊಡೆಯುವುದಕ್ಕಿಂತ ತುಂಬುವುದೇ ಇಷ್ಟ. ಹೊಡೆಯುವುದೆಂದರೆ ಅವನಿಗೆ ಪರೀಕ್ಷೆಯ ಫಲಿತಾಂಶ ನೋಡಿದ ಹಾಗೆ ಅಷ್ಟೆ. ಮೈಸೂರಿನ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಹದಿನೆಂಟನೆಯ ವಯಸ್ಸಿಗೆ ಅಪ್ರೆಂಟಿಸ್ ಆಗಿ ಸೇರಿದವನು. ಇಂಚಿನ ಸಾವಿರದ ಒಂದು ಭಾಗವನ್ನು ಬೆರಳ ತುದಿಯಲ್ಲೇ ತಿಳಿಯುತ್ತಿದ್ದ.

ಬೆಂಚಿನ ಮೇಲಿನ ಗೋಡೆಗೆ ಅವನೇ ಕನ್ನಡದಲ್ಲಿ ಬರೆದು ಅಂಟಿಸಿದ್ದ ಚೀಟಿ ಇತ್ತು. ಮದ್ದು ಹಾಕುವಾಗ ಮಾತು ಬೇಡ. ತುಂಬಿದವನು ಟಾರ್ಚ್ ಹಾಕಿ ನೋಡಬೇಕು. ಆಮೇಲೆ ಇನ್ನೊಬ್ಬನು ನೋಡಬೇಕು.

ಶರಣಪ್ಪ ಗದಗಿನವನು, ಮೋಟಾರು ಬಿಡಿಭಾಗಗಳ ಕಂಪನಿಯೊಂದರಲ್ಲಿ ಕ್ವಾಲಿಟಿ ಇಂಜಿನಿಯರು. ಶನಿವಾರವೆಂದರೆ ಅವನಿಗೆ ಆ ನೆಲಮಾಳಿಗೆ. ತುಂಬುವುದನ್ನು ಅಲ್ಲೇ ಕಲಿತ. ಆದರೆ ಅವನು ಬರುತ್ತಿದ್ದದ್ದು ಮಾತಿಗೆ.

"ನಿಮ್ಮ ಮೈಸೂರು ಗಾಡಿ ಹೊಗಿ ಬಿಡೂದು ನೋಡಿದ್ರ, ಮುನಿಸಿಪಾಲ್ಟಿಯವರು ಸೊಳ್ಳಿ ಓಡಸಾಕ ಮಾಡಿಸ್ಯಾರ ಅನಸ್ತೈತಿ," ಎನ್ನುತ್ತಿದ್ದ ಶರಣಪ್ಪ.

"ನಿನ್ನ ಬುಲೆಟ್ಟು ನಿಂತ ನಿಂತಲ್ಲಿ ಎಣ್ಣೆ ಬಿಟ್ಟು ಗುರುತು ಮಾಡುತ್ತಲ್ಲ ಕಣಯ್ಯಾ, ಬೀದಿನಾಯಿ ಥರ. ಅದಕ್ಕಿಂತ ಹೊಗೆ ವಾಸಿ."

"ಬುಲೆಟ್ಟಿನ ಸಪ್ಪಳ ಕೇಳು. ಗಂಡಸರ ಸಪ್ಪಳ."

"ಎಲ್ಲಿದೆಯಪ್ಪಾ ಸಪ್ಪಳ? ಗಾಡಿ ಗದಗಲ್ಲಿ, ಬಾಯಿ ಮಿಷಿಗನ್ನಲ್ಲಿ."

ಅದು ನಿಜ. ಶರಣಪ್ಪನ ಬುಲೆಟ್ಟನ್ನು 1978ರಲ್ಲಿ ಅವನ ತಮ್ಮ ಮಾರಿಬಿಟ್ಟಿದ್ದ. ಇಲ್ಲದ ಬೈಕಿನ ಪರವಾಗಿ ಇಪ್ಪತ್ತು ವರ್ಷ ವಾದ ಮಾಡಿದ್ದ. ಗೇರು ಒತ್ತಿದರೆ ಕ್ಲಚ್ ಬಿಡುವ ಜಾವಾವನ್ನು ಅವನು ಸೋಮಾರಿಗಳ ಗಾಡಿ ಎಂದು ಕರೆಯುತ್ತಿದ್ದ. ವಾಲ್ಟನ ಬಳಿ ಇಂಡಿಯನ್ ಎಂಬ ಹೆಸರಿನ 1947ರ ಅಮೆರಿಕದ ಬೈಕಿತ್ತು. ಇಂಡಿಯಾದವರಿಬ್ಬರು ಜೆಕ್ಕರ ಗಾಡಿ, ಇಂಗ್ಲಿಷರ ಗಾಡಿ ಎಂದು ಜಗಳವಾಡುವುದನ್ನು ಕಂಡು, ಈ ಕೋಣೆಯಲ್ಲಿ ಇಂಡಿಯನ್ ಇರುವುದು ತನ್ನ ಹತ್ತಿರ ಮಾತ್ರ ಎಂದು ಅವನು ನಗುತ್ತಿದ್ದ.

1999ರ ಆಗಸ್ಟಿನ ಆ ಶನಿವಾರ ಮದ್ದು ಅಳೆದು ಹಾಕುವ ಯಂತ್ರದ ಲಿವರಿನ ಮುಂದೆ ಕೂತವನು ಶರಣಪ್ಪ. ಮರದ ಹಲಗೆಯಲ್ಲಿ ಐವತ್ತು ಕೇಸುಗಳು, ಸಾಲಿಗೆ ಐದರಂತೆ ಹತ್ತು ಸಾಲು. ಒಂದು ಸಲ ಲಿವರ್ ಎಳೆದರೆ ಒಂದು ಪಾಲು. ಆ ಕೇಸಿನಲ್ಲಿ ಸರಿಯಾದ ಅಳತೆ ಅರ್ಧವನ್ನೂ ತುಂಬುವುದಿಲ್ಲ. ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಗುಂಡು ಒತ್ತಿದ ಮೇಲಂತೂ ಹೊರನೋಟಕ್ಕೆ ವ್ಯತ್ಯಾಸವೇ ಇಲ್ಲ.

ಮೂರು ಸಾಲು ಮುಗಿದಾಗ ಮೆಹಬೂಬ ಗಡಿಯಾರ ನೋಡಿ ಎದ್ದ. "ಅಸರ್ ಆಯ್ತು. ಹತ್ತು ನಿಮಿಷ. ನೀನು ಮುಂದುವರಿಸು, ಬಾಯಿ ಮುಚ್ಕೊಂಡು."

ಅವನು ನಮಾಜಿಗೆ ಮೇಲೆ ಹೋದ. ಅಷ್ಟರಲ್ಲಿ ವಾಲ್ಟ್ ತನ್ನ ಇಂಡಿಯನ್ನಿನ ರಿಪೇರಿಯಾದ ಮ್ಯಾಗ್ನೆಟೊವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಬಂದ. ಶರಣಪ್ಪ ಎದ್ದು ಹೋಗಿ ನೋಡಿದ, ತಿರುಗಿಸಿದ, ಕಿಡಿ ಹಾರಿಸಿ ಕೇಕೆ ಹಾಕಿದ. ವಾಲ್ಟ್ ಹೋದ ಮೇಲೆ ಬಂದು ಕೂತ. ಮೂರನೆಯ ಸಾಲಿನಿಂದ ಶುರು ಮಾಡಿದ.

ಮೆಹಬೂಬ ಕೆಳಗಿಳಿದಾಗ ಅವನು ಗುಂಡುಗಳನ್ನು ಒತ್ತುತ್ತಿದ್ದ.

"ಟಾರ್ಚ್ ಹಾಕಿ ನೋಡಿದ್ಯಾ?"

"ನೋಡೀನೋ."

ನೋಡಿರಲಿಲ್ಲ. ಟಾರ್ಚು ಮೇಲಿನ ಕಪಾಟಿನಲ್ಲಿತ್ತು. ಅದನ್ನು ತರಲು ಏಳಬೇಕಿತ್ತು.

ಮೆಹಬೂಬ ಹಲಗೆಯ ಕಡೆ ಒಮ್ಮೆ ಬಗ್ಗಿದ, ಆಮೇಲೆ ನೆಟ್ಟಗಾದ. ಆ ದಿನ ಎರಡನೆಯ ಸಲ ಯಾರೂ ನೋಡಲಿಲ್ಲ. ಡಬ್ಬಿಯ ಮೇಲೆ ಎಂದಿನಂತೆ ಮೆಹಬೂಬನೇ ತಾರೀಕು ಬರೆದ.

*

ಮಸೀದಿಯಲ್ಲಿ ಜುಮಾ ಮುಗಿದು ಜನ ಇನ್ನೂ ಚದುರಿರಲಿಲ್ಲ. ಬೂಟು ಬಿಚ್ಚಿಟ್ಟು, ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು ಶರಣಪ್ಪ, ಜಗನ್ನಾಥ, ವಾಲ್ಟ್ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಬಿಳಿಬಟ್ಟೆಯಲ್ಲಿ ಸುತ್ತಿದ ದೇಹವಿತ್ತು. ವಾಲ್ಟನಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವು. ಕುರ್ಚಿ ಬೇಡವೆಂದು ನಿಂತೇ ಇದ್ದ.

ಜುನೈದ್ ಎದ್ದು ತಿರುಗಿದ. ಮೊದಲು ಇಂಗ್ಲಿಷಿನಲ್ಲಿ, ನಂತರ ಉರ್ದುವಿನಲ್ಲಿ ಒಂದೆರಡು ಮಾತು ಹೇಳಿದ. ಆಮೇಲೆ ಹಿಂದಿನ ಗೋಡೆಯ ಕಡೆ ನೋಡಿದ.

"ನನ್ನ ಅಬ್ಬಾ ಮೈಮರೆವಿನಿಂದ ಯಾರಿಗಾದರೂ ತೊಂದರೆ ಕೊಟ್ಟಿದ್ದರೆ, ದಯವಿಟ್ಟು ಅವರನ್ನು ಮಾಫ್ ಮಾಡಿ."

ಒಂದು ಅಕ್ಷರವೂ ತಪ್ಪಿರಲಿಲ್ಲ. ಸಾಲುಗಳಿಂದ "ಮಾಫ್, ಮಾಫ್" ಎಂಬ ಗುಂಪು ದನಿ ಎದ್ದಿತು. ಜಗನ್ನಾಥ ಕೈಮುಗಿದು "ಮಾಫ್" ಎಂದ. ಅವನ ಕಣ್ಣು ತುಂಬಿತ್ತು. ಪಕ್ಕದವರ ದನಿ ಕೇಳಿ ಶರಣಪ್ಪನ ತುಟಿಯೂ ತಾನಾಗಿ ಆಡಿತು.

"ಮಾಫ್," ಎಂದ ಅವನು.

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ತಿಳಿಯಿತು. ಕಾಲಡಿಯ ರತ್ನಗಂಬಳಿಯ ಮೇಲೆ ಸಾಲು ಹಿಡಿಯಲು ಗೆರೆಗಳಿದ್ದವು. ನಮಾಜು ಮುಗಿಯುವವರೆಗೂ ಅವನು ಆ ಗೆರೆಯಿಂದ ಕಣ್ಣೆತ್ತಲಿಲ್ಲ.

*

ಗನ್ ಕ್ಲಬ್ಬಿನಲ್ಲಿ ಮೆಹಬೂಬ ಮೊದಲ ಎರಡು ಸುತ್ತು ಹೊಡೆದಾಗ ಏನೂ ಆಗಲಿಲ್ಲ. ಮೂರನೆಯ ಸುತ್ತಿನ ಎರಡನೆಯ ಗುಂಡಿಗೆ ಸದ್ದು ಬೇರೆಯಾಗಿ ಕೇಳಿತು. ರಿವಾಲ್ವರಿನ ಮೇಲ್ಭಾಗ ಹಾರಿಹೋಗಿತ್ತು. ಮೆಹಬೂಬ ಆಸರೆಗೆ ಹಿಡಿದಿದ್ದ ಎಡಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ, ಕೂಗಲಿಲ್ಲ. ಓಡಿ ಬಂದ ಕ್ಲಬ್ಬಿನ ಮೇಲ್ವಿಚಾರಕ ಟವೆಲು ಸುತ್ತುತ್ತಾ ಕೇಳಿದ್ದು ಒಂದೇ ಪ್ರಶ್ನೆ: ಈ ಕಾಡತೂಸು ತುಂಬಿದ್ದು ಯಾರು?

"ಮೈನ್," ಎಂದ ಮೆಹಬೂಬ, ನನ್ನದೇ ಎಂದು.

ಶರಣಪ್ಪ ಎರಡು ಹೆಜ್ಜೆ ದೂರದಲ್ಲಿದ್ದ. ಗಾಬರಿಯಲ್ಲಿ ಬಾಯಿ ಬರಲಿಲ್ಲ ಎಂದು ಆ ದಿನದ ಮಟ್ಟಿಗೆ ಹೇಳಬಹುದಿತ್ತು.

ಆದರೆ ಮೂರು ವಾರದ ನಂತರ ಫೋನು ಬಂತು.

"ಉಳಿದಿದ್ದನ್ನೆಲ್ಲ ಬಿಚ್ಚಿ ತೂಗಿದೆ ಕಣಯ್ಯಾ," ಎಂದ ಮೆಹಬೂಬ. "ಒಂದೇ ಕೈಯಲ್ಲಿ ಎರಡು ದಿನ ಹಿಡೀತು. ಇನ್ನೂ ನಾಲ್ಕು ಸಿಕ್ತು, ಎರಡು ಪಾಲಿನವು. ಸಿಡಿದಿದ್ದು ಸೇರಿ ಐದು."

ಐದು ಎಂದರೆ ಒಂದು ಸಾಲು. ಕ್ವಾಲಿಟಿ ಇಂಜಿನಿಯರನಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಹತ್ತು ಸಾಲಲ್ಲಿ ಒಂದು ಪೂರ್ತಿ ಸಾಲು ಎರಡು ಸಲ ತುಂಬಿದೆ ಎಂದರೆ ತುಂಬುವವನು ನಡುವೆ ಎದ್ದು ಹೋಗಿ ಬಂದಿದ್ದಾನೆ ಎಂದೇ ಅರ್ಥ.

ಫೋನಿನಲ್ಲಿ ಮೆಹಬೂಬ ಸುಮ್ಮನಿದ್ದ. ಅವನ ಹಿಂದೆ ಎಲ್ಲೋ ಕುಕ್ಕರು ಕೂಗಿತು. ಶರಣಪ್ಪನೂ ಸುಮ್ಮನಿದ್ದ.

"ಆಗ್ಲಿ, ತಪ್ಪು ನಂದೇ," ಎಂದ ಮೆಹಬೂಬ ಕೊನೆಗೆ. "ನಾನು ನೋಡ್ಬೇಕಿತ್ತು. ನನ್ನ ಬೆಂಚು."

"ಆಗೂದು ಆಗಿ ಹೋತು. ಬಿಡು," ಎಂದ ಶರಣಪ್ಪ.

ಅದರ ನಂತರ ಎಂಟು ವರ್ಷದಲ್ಲಿ ಇಬ್ಬರೂ ಆ ಮಾತು ಎತ್ತಲಿಲ್ಲ. ಟೂಲ್ ರೂಮಿನವರು ಮೆಹಬೂಬನನ್ನು ಗ್ರೈಂಡಿಂಗ್ ಯಂತ್ರದಿಂದ ಎಬ್ಬಿಸಿ ಉಪಕರಣ ಕೊಡುವ ಕಿಟಕಿಯ ಹಿಂದೆ ಕೂರಿಸಿದರು. ಕೈಗಿಂತ ಹೆಚ್ಚಾಗಿ ನಂಬಿಕೆ ಹೋಗಿತ್ತು. ಪಿಕ್ನಿಕ್ಕಿನಲ್ಲಿ ಇದ್ದಿಲು ಹೊತ್ತಿಸಲು ಮೆಹಬೂಬ ಬಗ್ಗಿದರೆ, "ಏಯ್, ಅವನ ಕೈಗೆ ಬೆಂಕಿಪೊಟ್ಟಣ ಕೊಡಬೇಡ್ರಪ್ಪ, ಕ್ಯಾಂಟನ್ ಉಳಿಯಲ್ಲ," ಎಂದು ಯಾರಾದರೂ ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮೆಹಬೂಬನೂ ನಗುತ್ತಿದ್ದ. ಆ ನಗುವಿನಲ್ಲಿ ಶರಣಪ್ಪನ ದನಿ ಯಾವಾಗಲೂ ಸ್ವಲ್ಪ ತಡವಾಗಿ ಸೇರುತ್ತಿತ್ತು, ಸ್ವಲ್ಪ ಜೋರಾಗಿ.

*

ಸ್ಮಶಾನದಲ್ಲಿ ಗಾಳಿ ಇತ್ತು. ಮೇ ತಿಂಗಳಾದರೂ ಚಳಿ ಬಿಟ್ಟಿರಲಿಲ್ಲ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಶರಣಪ್ಪನೂ ಹಾಕಿದ. ವಾಲ್ಟ್ ಹಾಕಿ, ಕೈ ಒರೆಸಿಕೊಳ್ಳದೆ ಅವನ ಪಕ್ಕ ಬಂದು ನಿಂತ.

"ನಲವತ್ತು ವರ್ಷ ಟೂಲ್ ರೂಮಿನಲ್ಲಿದ್ದೆ," ಎಂದ ವಾಲ್ಟ್ ಇಂಗ್ಲಿಷಿನಲ್ಲಿ. "ಅಳೆದದ್ದನ್ನು ಮತ್ತೆ ಅಳೆಯದೆ ಅವನು ಒಂದು ತುಂಡನ್ನೂ ಕೆಳಗಿಟ್ಟದ್ದು ನೋಡಲಿಲ್ಲ. ಆ ಒಂದು ಸಲ ಹೇಗೆ ಬಿಟ್ಟ? ನನಗೆ ಇವತ್ತಿಗೂ ತಿಳಿಯುತ್ತಿಲ್ಲ. ನಿನಗೆ ತಿಳಿಯಿತಾ?"

ವಾಲ್ಟನ ಕಣ್ಣಲ್ಲಿ ಅನುಮಾನವೇನೂ ಇರಲಿಲ್ಲ. ಗೊತ್ತಿದ್ದರೆ ಹೇಳು ಎಂದು ಕೇಳುತ್ತಿದ್ದ, ಅಷ್ಟೆ. ಶರಣಪ್ಪ ಇಲ್ಲವೆಂದು ತಲೆಯಾಡಿಸಿದ. ಬೆಳಗಿನಿಂದ ಅದು ಮೂರನೆಯ ಸುಳ್ಳು, ಅವನು ಎಣಿಸುತ್ತಿದ್ದ.

ಮನೆಗೆ ಬಂದಾಗ ನಾಲ್ಕು ಗಂಟೆ. ಅಕ್ಕಪಕ್ಕದವರು, ಮಸೀದಿಯವರು ಅಡುಗೆ ತಂದಿದ್ದರು; ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಶರಣಪ್ಪನ ಹೆಂಡತಿ ಇಂದುಮತಿ ಚಿತ್ರಾನ್ನ ಮಾಡಿ ತಂದಿದ್ದಳು. ಅವಳಿಗೂ ಅವನು ಎಂದೂ ಹೇಳಿರಲಿಲ್ಲ. ಅವನ ಕೈಗೆ ತಟ್ಟೆ ಕೊಟ್ಟು, "ಬೆಳಗ್ಗಿಂದ ಏನೂ ತಿಂದಿಲ್ಲ ನೀವು. ಗುಳಗಿ ಬ್ಯಾರೆ ತಗೋಬೇಕು," ಎಂದು ಒಳಗೆ ಹೋದಳು.

ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲ ಬಳಿ ಗುಲ್‌ಶನ್ ನಿಂತಿದ್ದಳು. ದಿನವಿಡೀ ಅತ್ತು ಮುಖ ಊದಿತ್ತು.

"ಭಾಯ್, ಊಟ ಮಾಡಿದ್ರಾ?"

"ಭಾಭಿ, ಒಂದು ಮಾತು ಹೇಳೂದೈತಿ."

"ಹೇಳಿ."

"ಆವತ್ತ ಸಿಡಿದ ಕಾಡತೂಸು. ಆ ಡಬ್ಬಿ. ಅದನ್ನ ಮೆಹಬೂಬ ತುಂಬಿದ್ದಲ್ಲ."

ಗುಲ್‌ಶನ್‌ಳಿಗೆ ಕೂಡಲೇ ಅರ್ಥವಾಗಲಿಲ್ಲ. ಇವತ್ತು ಆ ವಿಷಯ ಯಾಕೆ ಎಂಬಂತೆ ನೋಡಿದಳು.

"ನಾ ತುಂಬಿದ್ದು. ಅಂವ ನಮಾಜಿಗೆ ಮ್ಯಾಲೆ ಬಂದಿದ್ದ. ನಾ ನಡುವ ಎದ್ದು ಹೋದೆ, ವಾಪಸ್ ಬಂದು ಒಂದು ಸಾಲಿಗೆ ಎರಡು ಸಲ ಮದ್ದು ಹಾಕಿದೆ. ನೋಡಿದ್ಯೇನು ಅಂತ ಕೇಳಿದ. ನೋಡೀನಿ ಅಂದೆ. ನೋಡಿರಲಿಲ್ಲ."

ಒಳಗೆ ಯಾರೋ ಕುರಾನ್ ಓದುತ್ತಿದ್ದರು. ಗುಲ್‌ಶನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಬಿಚ್ಚಿ ನೋಡಿ ಫೋನ್ ಮಾಡಿದ್ದ. ನಾ ಒಪ್ಕೊಳ್ಳಲಿ ಅಂತ ಕಾದ. ನಾ ಬಾಯಿ ಬಿಡಲಿಲ್ಲ."

"ನನಗೂ ಹೇಳ್ಲಿಲ್ಲ," ಎಂದಳು ಅವಳು, ಬೇರೆ ಯಾರಿಗೋ ಹೇಳುವಂತೆ. "ಎಂಟು ವರ್ಷ ನಾನು ಅವರಿಗೆ ಚಾಕು ಮುಟ್ಟೋಕೆ ಬಿಡ್ಲಿಲ್ಲ. ಸ್ಟವ್ ಆಫ್ ಮಾಡಿದ್ರೂ ಹಿಂದೇನೇ ಹೋಗಿ ನೋಡ್ತಿದ್ದೆ. ಒಂದು ದಿನ ತಿರುಗಿ ಮಾತಾಡ್ಲಿಲ್ಲ ಅವರು."

ಶರಣಪ್ಪ ತಟ್ಟೆ ಹಿಡಿದೇ ನಿಂತಿದ್ದ. ಇಡಲು ಜಾಗವಿರಲಿಲ್ಲ.

"ಆಯತ್ ಹುಟ್ಟಿದಾಗ ಹೆಸರಿಡೋಕೆ ಅಕೀಕಾ ಮಾಡಿದ್ವಲ್ಲ ಇದೇ ಮನೇಲಿ," ಎಂದಳು ಗುಲ್‌ಶನ್. "ಅವರು ಮಗೂನ ಎತ್ಕೊಳ್ಳೋಕೆ ಕೈ ಚಾಚಿದ್ರು. ನಾನು ಕೊಡ್ಲಿಲ್ಲ. ಎಲ್ಲಾದ್ರೂ ಬೀಳಿಸ್ತೀರ ಅಂದೆ, ಎಲ್ಲರ ಮುಂದೆ. ನೀವು ಪಕ್ಕದಲ್ಲೇ ಇದ್ರಿ."

"ಇದ್ದೆ."

"ನಿಮ್ಮ ಕೈಗೆ ಕೊಟ್ಟೆ."

"ಹೌದು ಭಾಭಿ."

"ಇಸ್ಕೊಂಡ್ರಿ."

ಶರಣಪ್ಪ ಇಸ್ಕೊಂಡಿದ್ದ. ಮಗುವಿಗೆ ಗುರುಗುಟ್ಟುವ ಬುಲೆಟ್ಟಿನ ಸದ್ದು ಮಾಡಿ ತೋರಿಸಿದ್ದ. ಮೆಹಬೂಬ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ನನ್ನದು ತಪ್ಪಾತು," ಎಂದ. "ಕ್ಷಮಾ ಮಾಡ್ರಿ."

"ನನ್ನನ್ನ ಕೇಳ್ಬೇಡಿ." ಅವಳ ದನಿ ಏರಲಿಲ್ಲ. "ನನಗೆ ಮಾತ್ರ ಹೇಳಿ ಮನೆಗೆ ಹೋಗೋ ಹಾಗಿಲ್ಲ ನೀವು. ನನ್ನ ಮಗ ಇವತ್ತು ಅಷ್ಟು ಜನದ ಮುಂದೆ ನಿಂತು ಅವರ ಪರವಾಗಿ ಮಾಫಿ ಕೇಳ್ದ. ಎಲ್ಲರೂ ಕೊಟ್ರು. ಅವರು ಮಾಡದ ತಪ್ಪಿಗೆ ಕೊಟ್ರು. ಹೋಗಿ, ಅದನ್ನ ವಾಪಸ್ ತಗೊಳ್ಳಿ ಅಂತ ಹೇಳಿ. ಒಬ್ಬೊಬ್ಬರೂ ವಾಪಸ್ ತಗೋಬೇಕು."

ಅವಳು ಬಾಗಿಲನ್ನು ತೆರೆದು ಹಿಡಿದಳು.

ಗ್ಯಾರೇಜಿನಲ್ಲಿ ಮೂವತ್ತು ಜನವಿದ್ದರು. ತೊಡೆಯ ಮೇಲೆ ಪೇಪರ್ ತಟ್ಟೆಗಳು. ಜಗನ್ನಾಥ ಯಾರಿಗೋ ಟ್ರಾಫಿಕ್ ವಿಷಯ ಹೇಳುತ್ತಿದ್ದ. ವಾಲ್ಟ್ ಬಿರಿಯಾನಿಯಲ್ಲಿ ಸಿಕ್ಕ ಏಲಕ್ಕಿಯನ್ನು ತಟ್ಟೆಯ ಅಂಚಿಗೆ ಎತ್ತಿಡುತ್ತಿದ್ದ. ಜುನೈದ್ ಆ ಕೊನೆಯಲ್ಲಿ ನಿಂತು ಹಿರಿಯರೊಬ್ಬರಿಗೆ ನೀರು ಕೊಡುತ್ತಿದ್ದ.

"ಜುನೈದ," ಎಂದ ಶರಣಪ್ಪ. ಮೊದಲ ಸಲ ಯಾರಿಗೂ ಕೇಳಲಿಲ್ಲ. "ಜುನೈದ. ಬೆಳಗ್ಗೆ ನಾ ನಿನಗ ತಪ್ಪು ಶಬ್ದ ಕೊಟ್ಟೆ."

ಕೆಲವರು ತಿರುಗಿದರು. ಕನ್ನಡ ತಿಳಿಯದವರೂ ಇದ್ದರು. ಶರಣಪ್ಪ ಇಂಗ್ಲಿಷಿಗೆ ಹೊರಳಿದ. ಕಚೇರಿಯಲ್ಲಿ ಕೆಟ್ಟ ಮಾಲಿನ ವರದಿ ಓದುವ ದನಿ ಬಂತು. ಅವನಿಗೆ ಬೇರೆ ದನಿ ಸಿಗಲಿಲ್ಲ. ತಾರೀಕು ಹೇಳಿದ. ಐವತ್ತು ಕೇಸು, ಹತ್ತು ಸಾಲು ಎಂದ. ಮೂರನೆಯ ಸಾಲು ಎಂದ. ವಾಲ್ಟನ ಮ್ಯಾಗ್ನೆಟೊ ಹೇಳಿದ. ವಾಲ್ಟನ ಚಮಚ ಅಲ್ಲಿಯೇ ನಿಂತಿತು. ಟಾರ್ಚು ಹೇಳಿದ. ಮೆಹಬೂಬ ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ, ಮೂರು ವಾರದ ಮೇಲೆ ಬಂದ ಫೋನು. ನಡುವೆ ಒಮ್ಮೆ ಜಗನ್ನಾಥ "ಶರಣಪ್ಪಾ, ಈಗ್ಯಾಕ್ರೀ ಅದೆಲ್ಲ," ಎಂದು ಎದ್ದ. ಯಾರೂ ಅವನ ಕಡೆ ನೋಡದಿದ್ದರಿಂದ ಕೂತ.

"ಮಸೀದಿಯಲ್ಲಿ ನೀವು ಅವನನ್ನು ಕ್ಷಮಿಸಿದಿರಿ," ಎಂದ ಶರಣಪ್ಪ. "ನಾನೂ ಕ್ಷಮಿಸಿದೆ. ಅದನ್ನು ವಾಪಸ್ ತಗೊಳ್ಳಿ ಎಂದು ಕೇಳಲು ಬಂದಿದ್ದೇನೆ. ಅವನಿಗೆ ಅದು ಬೇಕಿರಲಿಲ್ಲ."

ಮಾತು ಮುಗಿದಿತ್ತು. ರಸ್ತೆಯಲ್ಲಿ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು.

ಜುನೈದ್ ನೀರಿನ ಜಗ್ಗನ್ನು ಕೆಳಗಿಟ್ಟು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದ. ಜನ ಕಾಲು ಹಿಂದೆ ಎಳೆದುಕೊಂಡು ಜಾಗ ಬಿಟ್ಟರು. ಶರಣಪ್ಪನ ಮುಂದೆ ನಿಂತು ಒಂದು ಕ್ಷಣ ಅವನ ಮುಖ ನೋಡಿದ. ಊಟ ಮುಗಿಸಿದ ಹಿರಿಯರ ತಟ್ಟೆಯನ್ನು ಮನೆಯ ಹುಡುಗರು ತೆಗೆಯುವಂತೆ, ತಲೆ ಸ್ವಲ್ಪ ಬಾಗಿಸಿ, ಅವನ ಕೈಯಲ್ಲಿದ್ದ ತಟ್ಟೆಯನ್ನು ಎರಡೂ ಕೈಗಳಿಂದ ತೆಗೆದುಕೊಂಡ. ಅನ್ನದ ಮೇಲೆ ಒಂದು ಬೆರಳ ಗುರುತೂ ಇರಲಿಲ್ಲ. ಕಸದ ಚೀಲದ ಬಳಿ ಹೋಗಿ ಅದನ್ನು ನಿಧಾನವಾಗಿ, ಒಂದು ಅಗುಳೂ ನೆಲಕ್ಕೆ ಬೀಳದಂತೆ ಸುರಿದ. ನಂತರ ಖಾಲಿ ತಟ್ಟೆಯನ್ನೂ ಹಾಕಿ, ಶರಣಪ್ಪನ ಕಡೆ ತಿರುಗಿ ನೋಡದೆ ಚೀಲದ ಬಾಯಿ ಬಿಗಿಯತೊಡಗಿದ.